ರಜೆಗೆ ಮಕ್ಕಳು ಬರುವ ಮುನ್ನ ಹಿತ್ತಲಿನಲ್ಲಿ ಮಾಡಿ ಮುಗಿಸಬೇಕಾದ ಕೆಲಸಗಳು

ಏಪ್ರಿಲ್ ಎರಡನೇ ವಾರ ಬಂತೆಂದರೆ ಊರಿನ ಮನೆಗಳಿಗೆ ಮಕ್ಕಳ ದಂಡು ಬರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಐದು ವರ್ಷದ ಮಗುವಿಗೆ ಬಾವಿಯ ಆಳ ಗೊತ್ತಿಲ್ಲ, ಕಣಗಿಲೆಯ ಕಾಯಿಗೂ ನೆಲ್ಲಿಕಾಯಿಗೂ ಇರುವ ವ್ಯತ್ಯಾಸ ಗೊತ್ತಿಲ್ಲ. ಮನೆಯ ಹಿರಿಯರಾದರೋ ವರ್ಷವಿಡೀ ಮಕ್ಕಳಿಲ್ಲದ ಹಿತ್ತಲಿಗೆ ಒಗ್ಗಿಹೋಗಿರುತ್ತಾರೆ. ಸಂಪಿನ ಮುಚ್ಚಳ ಓರೆಯಾಗಿದ್ದರೂ ಅವರ ಕಾಲು ತಾನಾಗಿ ಅದನ್ನು ಬಳಸಿಕೊಂಡು ಹೋಗುತ್ತದೆ. ಅಪಾಯ ಹುಟ್ಟುವುದು ಇವೆರಡರ ನಡುವಿನ ಅಂತರದಲ್ಲಿ.

ಹಿತ್ತಲಿನ ಅಪಾಯಗಳನ್ನು ಎರಡು ಬಗೆಯಾಗಿ ವಿಂಗಡಿಸಿಕೊಂಡರೆ ಕೆಲಸ ಸುಲಭವಾಗುತ್ತದೆ. ನೀರು, ಕರೆಂಟು, ವಿಷ, ತಲೆಯ ಮೇಲೆ ಬೀಳುವ ಭಾರ: ಇವು ಪ್ರಾಣ ತೆಗೆಯುವಂಥವು. ಮುಳ್ಳು, ಕಲ್ಲು, ಕೆಸರು, ಕೆಂಜಿಗ ಇರುವೆ: ಇವು ತರಚುವಂಥವು, ಕಚ್ಚುವಂಥವು. ಹಣ ಮತ್ತು ಸಮಯವನ್ನು ಮೊದಲನೆಯ ಬಗೆಗೆ ಸುರಿಯಿರಿ. ಎಷ್ಟೋ ಮನೆಗಳಲ್ಲಿ ನಡೆಯುವುದು ಇದರ ತಿರುವುಮುರುವು. ಮಗು ಬೀಳುತ್ತದೆಂದು ಪೇರಲೆ ಮರ ಕಡಿಸುತ್ತಾರೆ, ಕೆಸರಾಗುತ್ತದೆಂದು ಸಿಮೆಂಟ್ ಹಾಸುತ್ತಾರೆ, ಆದರೆ ಸಂಪಿನ ಮುಚ್ಚಳಕ್ಕೆ ಬೀಗವಿರುವುದಿಲ್ಲ. ಮಣ್ಣು, ಮರ, ನೆರಳು ಇವೇ ಮಕ್ಕಳಿಗೆ ಬೇಕಾದ ಹಿತ್ತಲು. ಅವನ್ನು ಉಳಿಸಿಕೊಂಡೇ ಉಳಿದದ್ದನ್ನು ಸರಿಪಡಿಸಬಹುದು.

ಮೊದಲು ಕುಕ್ಕರುಗಾಲಿನಲ್ಲಿ ಕೂತು ನೋಡಿ

ಮಗುವಿನ ಕಣ್ಣಿನ ಎತ್ತರ ಎರಡೂವರೆ, ಮೂರು ಅಡಿ. ನೀವೂ ಅಷ್ಟೇ ಎತ್ತರಕ್ಕೆ ಕೂತು, ಹಿಂಬಾಗಿಲಿನಿಂದ ಬೇಲಿಯವರೆಗೆ ನಿಧಾನವಾಗಿ ಕಣ್ಣಾಡಿಸಿ. ನಿಂತಾಗ ಕಾಣದ ಹಲವು ವಸ್ತುಗಳು ಆಗ ಕಾಣುತ್ತವೆ: ಬಚ್ಚಲ ಗೋಡೆಯಿಂದ ಹೊರಚಾಚಿದ ತುಕ್ಕು ಹಿಡಿದ ಕಂಬಿ, ನೀರೊಲೆಯ ಬಾಯಿ, ಕಲ್ಲು ಚಪ್ಪಡಿಯಡಿಯ ಪೊಟರೆ, ಮೆಟ್ಟಿಲ ಕೆಳಗೆ ಯಾರೋ ಯಾವಾಗಲೋ ಇಟ್ಟು ಮರೆತ ಔಷಧಿಯ ಡಬ್ಬಿ. ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬರೆಯುವಾಗ ‘ಮಗು ಅಲ್ಲಿಗೆ ಹೋಗುವುದಿಲ್ಲ’ ಎಂಬ ಮಾತನ್ನು ಬದಿಗಿಡಿ. ಹೋಗುತ್ತದೆ.

ನೀರು: ಅರ್ಧ ದಿನ ಇದಕ್ಕೇ ಇರಲಿ

ಬಾವಿಗೆ ಕಟ್ಟೆ ಇದ್ದರೆ ಸಾಕೆಂದು ನಾವು ತಿಳಿದಿರುತ್ತೇವೆ. ಮೂರು ಅಡಿಗಿಂತ ಎತ್ತರದ ಕಟ್ಟೆ ಬೇಕೇ ಬೇಕು, ನಿಜ. ಆದರೆ ಅದರ ಪಕ್ಕದಲ್ಲಿ ಏನಿದೆ ನೋಡಿ. ಬಟ್ಟೆ ಒಗೆಯುವ ಕಲ್ಲು ಕಟ್ಟೆಗೆ ತಾಗಿಕೊಂಡೇ ಇರುತ್ತದೆ, ಅದರ ಬದಿಯಲ್ಲಿ ಕವುಚಿ ಹಾಕಿದ ಬಕೆಟ್ ಇರುತ್ತದೆ. ಬಕೆಟ್ ಹತ್ತಿ, ಕಲ್ಲು ಹತ್ತಿದರೆ ಕಟ್ಟೆ ಮಗುವಿನ ಮೊಣಕಾಲಿಗೆ ಬರುತ್ತದೆ. ಮೂರು ಅಡಿಯ ಕಟ್ಟೆ ಅಲ್ಲಿಗೆ ಒಂದು ಅಡಿಯ ಕಟ್ಟೆಯಾಯಿತು. ಕಟ್ಟೆಯ ಸುತ್ತ ನಾಲ್ಕು ಅಡಿಯೊಳಗೆ ಹತ್ತಲು ಆಗುವಂಥದ್ದು ಏನೂ ಇರಬಾರದು. ಒಗೆಯುವ ಕಲ್ಲನ್ನು ಸರಿಸಲಾಗದಿದ್ದರೆ ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿ. ಕೊಡಪಾನ ಇಳಿಸುವಷ್ಟು ಜಾಗಕ್ಕೆ ತಿರುಗಣೆಯ ಬಾಗಿಲಿಟ್ಟು ಚಿಲಕ ಮತ್ತು ಬೀಗ ಹಾಕಿಸಿದರೆ ನೀರು ಸೇದಲೂ ತೊಂದರೆಯಿಲ್ಲ. ಊರಿನ ವೆಲ್ಡಿಂಗ್ ಅಂಗಡಿಯವರು ಅಳತೆ ತೆಗೆದುಕೊಂಡು ಹೋಗಿ ಮಾಡಿಕೊಡುತ್ತಾರೆ. ಬಾವಿಯ ಮೇಲೆ ನೈಲಾನ್ ಬಲೆ ಹೊದಿಸಿದ ಮನೆಗಳನ್ನೂ ಕಾಣುತ್ತೇವೆ. ಅದು ತರಗೆಲೆ ತಡೆಯುತ್ತದೆಯೇ ಹೊರತು ಮಗುವಿನ ಭಾರ ತಡೆಯುವುದಿಲ್ಲ. ಬಿಸಿಲಿಗೆ ಒಣಗಿದ ಬಲೆ ಕೈಯಲ್ಲೇ ಹರಿಯುತ್ತದೆ.

ಸಂಪಿಗೆ ಬೀಗ, ಸೆಪ್ಟಿಕ್ ಟ್ಯಾಂಕಿಗೆ ಗಟ್ಟಿ ಚಪ್ಪಡಿ. ಇವೆರಡರಲ್ಲಿ ರಾಜಿ ಬೇಡ. ಹಳೆಯ ಟ್ಯಾಂಕಿನ ಮೇಲಿನ ಕಡಪ ಕಲ್ಲು ಮೇಲಿನಿಂದ ಚೆನ್ನಾಗಿಯೇ ಕಾಣುತ್ತದೆ, ಬಿರುಕು ಅಡಿಯಲ್ಲಿರುತ್ತದೆ. ತಟ್ಟಿದಾಗ ಒಂದು ಕಡೆ ಬೇರೆಯೇ ಸದ್ದು ಬಂದರೆ, ಕಾಲಿಟ್ಟಾಗ ಕಲ್ಲು ಅಲುಗಿದರೆ ಅದನ್ನು ಬದಲಿಸಿ, ಕಾಂಕ್ರೀಟ್ ಹಲಗೆ ಹಾಕಿಸಿ. ತಗಡಿನ ಮುಚ್ಚಳವನ್ನಂತೂ ಇಂದೇ ತೆಗೆಯಿರಿ. ಯಾರಾದರೂ ಸೆಪ್ಟಿಕ್ ಟ್ಯಾಂಕಿಗೆ ಬಿದ್ದರೆ ಕಾಪಾಡಲೆಂದು ಇನ್ನೊಬ್ಬರು ಇಳಿಯಬಾರದು. ಒಳಗಿನ ವಿಷಾನಿಲಕ್ಕೆ ಇಳಿದವರೂ ಬಲಿಯಾಗುತ್ತಾರೆ. 112ಕ್ಕೆ ಕರೆ ಮಾಡಬೇಕು, ಹೊರಗಿನಿಂದಲೇ ಹಗ್ಗ ಕೊಡಬೇಕು.

ಹಿತ್ತಲು ದಾಟಿದರೆ ತೋಟ ಇರುವ ಮನೆಗಳಲ್ಲಿ ಕೃಷಿ ಹೊಂಡವೂ ಇರುತ್ತದೆ. 2014ರಿಂದ ಕೃಷಿ ಭಾಗ್ಯ ಯೋಜನೆಯಲ್ಲಿ ರಾಜ್ಯದ ಒಣಭೂಮಿಯಲ್ಲಿ ಇಂಥ ಸಾವಿರಾರು ಹೊಂಡಗಳಾದವು. ಬೆಳೆಗೆ ಅವು ಜೀವದಾನ. ಆದರೆ ಅವುಗಳ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಗುಣವನ್ನು ಗಮನಿಸಿ: ಒದ್ದೆಯಾದ ಮೇಲೆ ಅದರ ಮೇಲೆ ಕಾಲು ನಿಲ್ಲುವುದಿಲ್ಲ, ಬೆರಳಿಗೆ ಹಿಡಿತ ಸಿಗುವುದಿಲ್ಲ. ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾಗದೆ ಮುಳುಗುತ್ತಾರೆ. ಹೊಂಡಕ್ಕೆ ಸುತ್ತಲೂ ತಂತಿಬೇಲಿ ಹಾಕಿ, ಗೇಟಿಗೆ ಬೀಗ ಹಾಕಿ. ಜೊತೆಗೆ ನಾಲ್ಕೂ ಬದಿಯಿಂದ ದಪ್ಪ ಹಗ್ಗ ಇಳಿಬಿಡಿ. ಒಂದೊಂದು ಅಡಿಗೆ ಗಂಟು ಹಾಕಿ, ಮೇಲಿನ ತುದಿಯನ್ನು ನೆಲದಲ್ಲಿ ಹೂತ ಗೂಟಕ್ಕೆ ಕಟ್ಟಿ, ಕೆಳತುದಿ ನೀರಿನೊಳಗೆ ಇರಲಿ. ಗಾಳಿ ತುಂಬಿದ ಹಳೆಯ ಟ್ಯೂಬು ದಡದಲ್ಲಿ ಸದಾ ಇರಲಿ.

ಕೊಳವೆಬಾವಿ ಕೊರೆಸಿ ನೀರು ಬಾರದಿದ್ದರೆ ಅದರ ಮೇಲೆ ಗೋಣಿಚೀಲ ಮುಚ್ಚಿ ಕಲ್ಲಿಡುವ ರೂಢಿ ಇನ್ನೂ ಹೋಗಿಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ ಎರಡು ವರ್ಷದ ಮಗುವನ್ನು ಸುಮಾರು 20 ಗಂಟೆ ಹೋರಾಡಿ ಜೀವಂತವಾಗಿ ತೆಗೆದರು. ಅಂಥ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ವಿಫಲವಾದ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು ತುಂಬಿ ಮುಚ್ಚಬೇಕು; ಬಳಕೆಯಲ್ಲಿರುವ ಕೇಸಿಂಗ್ ಪೈಪಿಗೆ ಉಕ್ಕಿನ ತಟ್ಟೆ ಬೆಸುಗೆ ಹಾಕಿಸಬೇಕು ಅಥವಾ ಬೋಲ್ಟು ಬಿಗಿದ ಮುಚ್ಚಳ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

ತೀರಾ ಚಿಕ್ಕ ಮಕ್ಕಳಿಗೆ ಬಾವಿಯಷ್ಟು ನೀರೇ ಬೇಕಿಲ್ಲ. ಬಟ್ಟೆ ನೆನೆಹಾಕಿದ ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದ ಮಗುವಿಗೆ ಮೇಲೇಳಲು ಬರುವುದಿಲ್ಲ, ಏಕೆಂದರೆ ಆ ವಯಸ್ಸಿನಲ್ಲಿ ತಲೆಯ ಭಾರವೇ ಹೆಚ್ಚು. ಕೆಲಸ ಮುಗಿದ ಕೂಡಲೇ ಬಕೆಟ್, ದೋಣಿ, ಟಬ್ಬುಗಳನ್ನು ಚೆಲ್ಲಿ ಕವುಚಿಡಿ. ದನಗಳ ಮುಸುರೆ ತೊಟ್ಟಿಗೆ ಹಲಗೆಯ ಮುಚ್ಚಳ ಮಾಡಿಸಿ.

ಮಗು ನೀರಿಗೆ ಬಿದ್ದು ಉಸಿರು ನಿಂತಿದ್ದರೆ ಕಾಲು ಹಿಡಿದು ಗರಗರ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು, ಉಪ್ಪಿನ ರಾಶಿಯಲ್ಲಿ ಮಲಗಿಸುವುದು ಬೇಡವೇ ಬೇಡ. ಅದರಿಂದ ಬದುಕಿಸುವ ನಿಮಿಷಗಳು ಕಳೆದುಹೋಗುತ್ತವೆ. ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆಯ ನಡುಭಾಗವನ್ನು ಒತ್ತುತ್ತಿರಬೇಕು, ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಮನೆಯಲ್ಲಿ ಒಬ್ಬರಾದರೂ ಇದನ್ನು ಕಲಿತಿರಲಿ.

ಕರೆಂಟು

ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟಿದ್ದರೆ ಬಿಚ್ಚಿ ಬಿಸಾಡಿ, ನೈಲಾನ್ ಹಗ್ಗ ಕಟ್ಟಿ. ತಂತಿಯ ಒಂದು ತುದಿ ತಗಡಿನ ಮಾಡಿಗೋ ಸರ್ವಿಸ್ ವೈರ್ ಹಾದುಹೋದ ಕಂಬಿಗೋ ಕಟ್ಟಿರುತ್ತದೆ. ವೈರಿನ ಹೊದಿಕೆ ಸವೆದರೆ ಇಡೀ ತಂತಿಗೆ ಕರೆಂಟು ಹರಿಯುತ್ತದೆ. ಮಳೆಗಾಲದಲ್ಲಿ ಒದ್ದೆ ಬಟ್ಟೆ ಹರವಲು ಹೋದವರು, ಅವರನ್ನು ಬಿಡಿಸಲು ಹೋದವರು ಹೀಗೆಯೇ ಸತ್ತಿದ್ದಾರೆ. ಹಗ್ಗವನ್ನೂ ಓಡುವ ಮಗುವಿನ ಕುತ್ತಿಗೆಗೆ ತಾಗದಷ್ಟು ಎತ್ತರದಲ್ಲಿ, ಆರು ಅಡಿಗೂ ಮೇಲೆ, ಕಟ್ಟಿ.

ಮೋಟಾರಿನ ಸ್ವಿಚ್ ನೆಲದಿಂದ ಐದು ಅಡಿ ಮೇಲೆ, ಮುಚ್ಚಳವಿರುವ ಪೆಟ್ಟಿಗೆಯೊಳಗೆ ಇರಲಿ. ಹಿತ್ತಲಿನ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಹಾಕಿಸಿ. ಎಂಸಿಬಿ (ಮಿತಿಮೀರಿ ಕರೆಂಟು ಹರಿದಾಗ ಬೀಳುವ ಸ್ವಿಚ್) ಇದೆಯಲ್ಲ ಎಂದು ಎಲೆಕ್ಟ್ರಿಷಿಯನ್ ಹೇಳಬಹುದು. ಎಂಸಿಬಿ ಕಾಯುವುದು ವೈರನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ಆರ್‌ಸಿಸಿಬಿಯ ಮೇಲಿರುವ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ, ಥಟ್ಟನೆ ಬೀಳದಿದ್ದರೆ ಬದಲಿಸಿ. ಹಿತ್ತಲಿನ ಮೇಲೆ ವಿದ್ಯುತ್ ತಂತಿ ಜೋತುಬಿದ್ದಿದ್ದರೆ 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೇಲಿಗೆ ಮನೆಯ ಕರೆಂಟನ್ನು ನೇರವಾಗಿ ಕೊಡುವುದು ಕಾನೂನುಬಾಹಿರವೂ ಹೌದು, ಕೊಲೆಗೆ ಸಮಾನವೂ ಹೌದು.

ವಿಷ ಇರುವ ಮೂಲೆಗಳು

ಅಡಿಕೆ ತೋಟದವರ ಮನೆಯಲ್ಲಿ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ಮೈಲುತುತ್ತ (ತಾಮ್ರದ ಸಲ್ಫೇಟ್) ತಂದಿಟ್ಟಿರುತ್ತಾರೆ. ಅದರ ಹರಳನ್ನೊಮ್ಮೆ ಅಂಗೈಯಲ್ಲಿಟ್ಟು ಮಗುವಿನ ಕಣ್ಣಿನಿಂದ ನೋಡಿ: ಅಚ್ಚ ನೀಲಿ, ಬೆಳಕಿಗೆ ಹೊಳೆಯುವ ಮೂಲೆಗಳು, ಥೇಟ್ ಬಣ್ಣದ ಕಲ್ಲುಸಕ್ಕರೆ. ಬಾಯಿಗೆ ಹಾಕಿಕೊಳ್ಳದಿರಲು ಮಗುವಿಗೆ ಕಾರಣವೇ ಇಲ್ಲ. ಇಲಿ ಪಾಷಾಣದ ಪೇಸ್ಟಂತೂ ಹಲ್ಲುಜ್ಜುವ ಪೇಸ್ಟಿನಂಥದೇ ಟ್ಯೂಬಿನಲ್ಲಿ ಬರುತ್ತದೆ. ಅದರಲ್ಲಿರುವ ಹಳದಿ ರಂಜಕ ಯಕೃತ್ತನ್ನು ಕೆಡಿಸುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಮಕ್ಕಳು ಬರುವ ಮನೆಯಲ್ಲಿ ಅದು ಇರಲೇಬಾರದು. ಇಲಿಗೆ ಬೋನು ಇಡಿ.

ಕಳೆನಾಶಕ, ಕೀಟನಾಶಕ, ಬ್ಲೀಚಿಂಗ್ ಪುಡಿ, ಆ್ಯಸಿಡ್, ಸೀಮೆಎಣ್ಣೆ ಎಲ್ಲವೂ ಬೀಗವಿರುವ ಒಂದೇ ಕಪಾಟಿನಲ್ಲಿರಲಿ. ತಂಪು ಪಾನೀಯದ ಬಾಟಲಿಗೆ, ನೀರಿನ ಬಾಟಲಿಗೆ ಇವನ್ನು ಬಗ್ಗಿಸಿಡುವ ಅಭ್ಯಾಸವನ್ನು ಮನೆಯವರೆಲ್ಲರೂ ಬಿಡಬೇಕು, ಕೆಲಸಕ್ಕೆ ಬರುವವರಿಗೂ ಹೇಳಬೇಕು. ಮಗು ಸೀಮೆಎಣ್ಣೆಯನ್ನೋ ಆ್ಯಸಿಡ್ಡನ್ನೋ ಕುಡಿದಿದ್ದರೆ ವಾಂತಿ ಮಾಡಿಸಬೇಡಿ. ಡಬ್ಬಿಯನ್ನು ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಓಡಿ, ಅದರ ಮೇಲಿನ ಹೆಸರು ವೈದ್ಯರಿಗೆ ಬೇಕಾಗುತ್ತದೆ.

ಗಿಡಗಳ ವಿಷಯಕ್ಕೆ ಬಂದರೆ, ಹಳದಿ ಕಣಗಿಲೆಯ ಬೀಜ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಶಿವಪೂಜೆಗೆ ಅದರ ಹೂವು ಬೇಕೆನ್ನುವವರಿದ್ದಾರೆ. ಮನೆಗೆ ಬರುವ ಮಕ್ಕಳು ಐದು ವರ್ಷದೊಳಗಿನವರಾಗಿದ್ದರೆ ಗಿಡವನ್ನು ತೆಗೆದು ಹೂವನ್ನು ಪೇಟೆಯಿಂದ ತನ್ನಿ ಎಂದೇ ನಾನು ಹೇಳುತ್ತೇನೆ. ಜೈವಿಕ ಇಂಧನಕ್ಕೆಂದು ಬೇಲಿಗೆ ನೆಟ್ಟ ಜಟ್ರೋಫಾದ ಬೀಜ ಬಾಯಿಗೆ ರುಚಿಯಾಗಿಯೇ ಇರುತ್ತದೆ. ಶಾಲೆಯ ಮಕ್ಕಳು ಗುಂಪಾಗಿ ತಿಂದು ಆಸ್ಪತ್ರೆ ಸೇರುವುದು ಅದಕ್ಕೇ. ಉಮ್ಮತ್ತಿ, ಹರಳು, ಗುಲಗಂಜಿ, ಗೌರಿ ಹೂವಿನ ಗೆಡ್ಡೆ ಇವೂ ಪಟ್ಟಿಯಲ್ಲಿರಲಿ. ಕೆಂಪು ಮೈ, ಕಪ್ಪು ಕಣ್ಣಿನ ಗುಲಗಂಜಿಯನ್ನು ಮಕ್ಕಳು ಆಟಕ್ಕೆ ಕೂಡಿಡುತ್ತಾರೆ. ಜಗಿದರೆ ಅದು ಪ್ರಾಣಕ್ಕೇ ಮುಳುವು. ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ಕಣ್ಣು ಕೆಡುತ್ತದೆ. ಆ ಜಾಗದಲ್ಲಿ ದಾಸವಾಳ, ದೊಡ್ಡಪತ್ರೆ, ಚಿಕ್ಕು ನೆಡಿ.

ಹಾವು, ಉಣುಗು, ಸೊಳ್ಳೆ

ಹಾವು ಬರುವುದು ಇಲಿಗಾಗಿ, ಕಪ್ಪೆಗಾಗಿ, ಅಡಗುವ ಜಾಗಕ್ಕಾಗಿ. ಸೌದೆಯ ರಾಶಿ, ಹಂಚಿನ ರಾಶಿ, ತೆಂಗಿನ ಸಿಪ್ಪೆಯ ಗುಡ್ಡೆ ಆಟದ ಜಾಗದಿಂದ ದೂರವಿರಲಿ. ಸೌದೆಯನ್ನು ನೆಲದ ಮೇಲೆ ಒಟ್ಟದೆ ಒಂದೂವರೆ ಅಡಿ ಎತ್ತರದ ಅಟ್ಟಣಿಗೆಯ ಮೇಲೆ ಒಟ್ಟಿ, ಅಡಿಯಲ್ಲಿ ಬೆಳಕು ಹಾಯುವಂತಿರಬೇಕು. ಕೋಳಿಗೆ ಹಾಕಿದ ಕಾಳು ಸಂಜೆಗೆ ಉಳಿಯದಿರಲಿ. ಕತ್ತಲಾದ ಮೇಲೆ ಹಿತ್ತಲಿಗೆ ಹೋಗುವಾಗ ಟಾರ್ಚು ಮತ್ತು ಚಪ್ಪಲಿ ಕಡ್ಡಾಯವೆಂದು ಮಕ್ಕಳಿಗೂ ಹೇಳಿ, ನೀವೂ ಪಾಲಿಸಿ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಾಲ್ಗೆಜ್ಜೆ, ಬಳೆ, ಉಂಗುರ ಬಿಚ್ಚಿ, ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಹಲಗೆಗೆ ಕಟ್ಟಿ, ಪ್ರತಿವಿಷ ಇರುವ ಆಸ್ಪತ್ರೆಗೆ ಎತ್ತಿಕೊಂಡೇ ಹೋಗಿ. ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆಯೆಂದು ಈಗಲೇ ಕೇಳಿ ತಿಳಿದುಕೊಳ್ಳಿ. ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ರಾಜ್ಯ ಸರ್ಕಾರ 2024ರಲ್ಲಿ ಆದೇಶಿಸಿದೆ.

ಮಲೆನಾಡಿನವರಿಗೆ ಒಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ, ಬೇಸಿಗೆ ರಜೆಯೂ ಅದರ ಕಾಲವೇ. ಕೊಟ್ಟಿಗೆಗೆಂದು ಕಾಡಿನಿಂದ ಗುಡಿಸಿ ತಂದ ದರಗಿನ ರಾಶಿಯ ಮೇಲೆ ಮಕ್ಕಳು ಹಾರಿ ಆಡಲು ಬಿಡಬೇಡಿ. ಸಂಜೆ ಬಿಸಿನೀರಿನ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕಂಕುಳಲ್ಲಿ, ಮೊಣಕಾಲಿನ ಹಿಂಬದಿಯಲ್ಲಿ ನೋಡಿ. ಹಿತ್ತಲಿನ ಹತ್ತಿರ ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ.

ಡೆಂಗಿ ಸೊಳ್ಳೆಗೆ ಒಂದು ತೆಂಗಿನ ಚಿಪ್ಪಿನ ನೀರು ಸಾಕು, ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ. ಹಾಗಾಗಿ ವಾರಕ್ಕೊಂದು ದಿನ ಗೊತ್ತುಮಾಡಿ ಚಿಪ್ಪು, ಟಯರು, ಹೂಕುಂಡದ ತಟ್ಟೆಗಳ ನೀರು ಚೆಲ್ಲಿ. ಈ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು, ಹುಡುಕಾಟದ ಆಟವೆಂದು ಖುಷಿಯಿಂದ ಮಾಡುತ್ತಾರೆ.

ಮೇಲಿನಿಂದ ಬೀಳುವುದು, ಮೈಮೇಲೆ ಉರುಳುವುದು

ತೆಂಗಿನ ಮರದಡಿ ಆಟದ ಜಾಗ ಬೇಡ. ಮಕ್ಕಳು ಬರುವ ಮುನ್ನ ಮರ ಹತ್ತುವವರನ್ನು ಕರೆಸಿ ಬಲಿತ ಕಾಯಿ ಮತ್ತು ಒಣ ಸೋಗೆ ಇಳಿಸಿ. ಸೋಗೆ ಹದಿನೈದು ಅಡಿ ಉದ್ದವಿರುತ್ತದೆ, ಅದರ ಹೆಡೆಮಟ್ಟೆಯ ಭಾರವನ್ನು ಎತ್ತಿ ನೋಡಿದರೆ ಕಾರಣ ಹೇಳಬೇಕಿಲ್ಲ.

ನಗರದ ಮನೆಗಳಲ್ಲಿ ಯಾರೂ ಗಮನಿಸದ ವಸ್ತುವೆಂದರೆ ಹಳಿಯ ಮೇಲೆ ಸರಿಯುವ ಕಬ್ಬಿಣದ ಗೇಟು. ಹಳಿಯ ಕೊನೆಯಲ್ಲಿ ತಡೆ ಇಲ್ಲದಿದ್ದರೆ ಜೋರಾಗಿ ತಳ್ಳಿದ ಗೇಟು ಮೇಲಿನ ಹಿಡಿತದಿಂದ ಜಾರಿ ಪೂರ್ತಿಯಾಗಿ ಮಗುವಿನ ಮೇಲೆ ಮಲಗುತ್ತದೆ. ಎರಡೂ ತುದಿಗೆ ಉಕ್ಕಿನ ತಡೆ ಬೆಸುಗೆ ಹಾಕಿಸಿ. ಗೇಟಿನ ಮೇಲೆ ನಿಂತು ಜಾರುವ ಆಟವನ್ನು ಖಡಾಖಂಡಿತವಾಗಿ ನಿಲ್ಲಿಸಿ. ಜಾಗ ಕಡಿಮೆಯಿದ್ದು ಕಾರು ಹಿತ್ತಲಿಗೇ ಬರುವುದಾದರೆ, ಎಲ್ಲ ಮಕ್ಕಳೂ ಕಣ್ಣಿಗೆ ಬಿದ್ದ ಮೇಲಷ್ಟೇ ಹಿಂದಕ್ಕೆ ತೆಗೆಯಬೇಕೆಂಬುದು ಮನೆಯ ನಿಯಮವಾಗಲಿ.

ಬಚ್ಚಲೊಲೆಯ ಬೂದಿಯನ್ನು ಬಿಸಿಯಿರುವಾಗ ಹಿತ್ತಲಿಗೆ ಸುರಿಯಬೇಡಿ. ಮೇಲೆ ತಣ್ಣಗೆ ಬೂದುಬಣ್ಣ, ಒಳಗೆ ಕೆಂಡ. ಬರಿಗಾಲಿನ ಮಗು ಮೃದುವಾದ ರಾಶಿ ಕಂಡರೆ ಕಾಲಿಟ್ಟೇ ಇಡುತ್ತದೆ. ನೀರು ಹೊಯ್ದು ಕಲಕಿ, ಪೂರ್ತಿ ಆರಿದ ಮೇಲೆ ಗೊಬ್ಬರದ ಗುಂಡಿಗೆ ಹಾಕಿ. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬೇಕು, ಶಾಯಿ, ಪೇಸ್ಟು ಹಚ್ಚಬಾರದು.

ಇನ್ನು ಆಟದ ಜಾಗ

ಅಡುಗೆಮನೆಯ ಕಿಟಕಿಯಿಂದ ಕಾಣುವ ಮೂಲೆಯನ್ನೇ ಆರಿಸಿ. ಮಧ್ಯಾಹ್ನ ನೆರಳಿರಲಿ. ಹನ್ನೆರಡರಿಂದ ಮೂರರವರೆಗೆ ಏಪ್ರಿಲ್ ಬಿಸಿಲು ರಾಯಚೂರು, ಕಲಬುರಗಿ ಕಡೆ ಹೊರಗೆ ಆಡುವಂಥದ್ದಲ್ಲ. ಜಾರುಬಂಡೆಯ ತಗಡೂ ಅಷ್ಟು ಹೊತ್ತಿಗೆ ಚರ್ಮ ಸುಡುತ್ತದೆ.

ಜೋಕಾಲಿ ಇಲ್ಲದ ಹಿತ್ತಲು ಮಕ್ಕಳಿಗೆ ರುಚಿಸುವುದಿಲ್ಲ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಕಟ್ಟುವ ಜೋಕಾಲಿಗೆ ಹಿರಿಯರು ಮರ ಆರಿಸುವ ರೀತಿಯನ್ನು ಗಮನಿಸಿ. ಹುಣಸೆ, ಬೇವು, ಮಾವು, ಹಲಸಿನ ದಪ್ಪ ಹಸಿ ಕೊಂಬೆಯಾಗಬೇಕು. ನುಗ್ಗೆ ಹೇಳದೆ ಕೇಳದೆ ಮುರಿಯುತ್ತದೆ. ದೊಡ್ಡವರಿಬ್ಬರು ಹಗ್ಗಕ್ಕೆ ಜೋತುಬಿದ್ದು ಪರೀಕ್ಷಿಸಿದ ಮೇಲೆ ಮಗುವನ್ನು ಕೂರಿಸಿ. ಮರದ ಮಣೆ ಭಾರವಾಗಿರುತ್ತದೆ, ಹಿಂದಿನಿಂದ ಓಡಿಬಂದ ಮಗುವಿನ ಹಣೆಗೆ ಬಡಿಯುತ್ತದೆ. ಅದರ ಬದಲು ಟಯರು ಅಥವಾ ದಪ್ಪ ಕ್ಯಾನ್ವಾಸ್ ಪಟ್ಟಿ ಕಟ್ಟಿ, ನೆಲದಿಂದ ಒಂದು ಅಡಿ ಎತ್ತರವಿರಲಿ. ಕೊಂಬೆ ಎಂಟು ಅಡಿ ಎತ್ತರದಲ್ಲಿದ್ದರೆ ಮುಂದೆಯೂ ಹಿಂದೆಯೂ ಹದಿನಾರು ಅಡಿ, ಅಂದರೆ ಎತ್ತರದ ಎರಡರಷ್ಟು, ಖಾಲಿ ಜಾಗ ಬೇಕು. ಅಷ್ಟಿಲ್ಲದಿದ್ದರೆ ತಗ್ಗಿನ ಕೊಂಬೆ ಹುಡುಕಿ. ಸೀರೆಯಲ್ಲಿ ಕಟ್ಟಿದ ಜೋಕಾಲಿಯಲ್ಲಿ ದೊಡ್ಡ ಮಕ್ಕಳು ಒಬ್ಬರೇ ಆಡುವುದು ಬೇಡ. ಸುತ್ತುತ್ತಾ ಆಡುವಾಗ ಬಟ್ಟೆ ಕುತ್ತಿಗೆಗೆ ಬಿಗಿದು ಜೀವ ಹೋದ ಪ್ರಕರಣಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇವೆ. ಆಟ ಮುಗಿದ ಮೇಲೆ ಅದನ್ನು ಬಿಚ್ಚಿಡಿ.

ನಾಲ್ಕು ಅಡಿಯೊಳಗಿನ ಜಾರುಬಂಡೆ, ಏಣಿಗಳ ಕೆಳಗೆ ಒಂಬತ್ತು ಇಂಚು ಆಳ ಸಡಿಲ ಮರಳು ಹಾಕಿ, ಸುತ್ತಲೂ ಆರು ಅಡಿಯವರೆಗೆ ಹರಡಿ. ಹುಲ್ಲುಹಾಸು ಕಣ್ಣಿಗೆ ಮೆತ್ತಗೆ, ಅದರಡಿಯ ಗಟ್ಟಿ ನೆಲ ತಲೆಗೆ ಕಲ್ಲೇ. ರಾತ್ರಿ ಮರಳಿಗೆ ಟಾರ್ಪಾಲು ಮುಚ್ಚಿ, ಇಲ್ಲವಾದರೆ ಬೆಕ್ಕು ನಾಯಿಗಳು ಹೇಸಿಗೆ ಮಾಡಿ ಅದರ ಜಂತುಹುಳು ಮಕ್ಕಳಿಗೆ ಬರುತ್ತದೆ. ಏಣಿ, ಕಟಾಂಜನ, ಬೇಲಿಗಳಲ್ಲಿ ಮೂರೂವರೆ ಇಂಚಿಗಿಂತ ಅಗಲ, ಒಂಬತ್ತು ಇಂಚಿಗಿಂತ ಕಿರಿದಾದ ಸಂದು ಇರಬಾರದು. ಅಂಥ ಸಂದಿನಲ್ಲಿ ಮೈ ತೂರುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ.

ಪೇರಲೆ ಮರವಿದ್ದರೆ ಹತ್ತಲು ಬಿಡಿ. ಅದರ ಕೊಂಬೆ ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಅಡಿಯಲ್ಲಿರುವ ಕಲ್ಲು, ಒಡೆದ ಗಾಜು ಆರಿಸಿದರೆ ಸಾಕು. ಒಂದು ಮೂಲೆಯಲ್ಲಿ ಮಣ್ಣು ಸಡಿಲಿಸಿ ಸಣ್ಣ ಗುದ್ದಲಿ, ಹಳೆಯ ಚೊಂಬು ಕೊಟ್ಟುಬಿಡಿ. ಕೊಂಡು ತಂದ ಆಟಿಕೆಗಳು ಮೂಲೆ ಸೇರುತ್ತವೆ. ಮೊಣಕೈ ತರಚಿದರೆ ಸೋಪುನೀರಿನಲ್ಲಿ ತೊಳೆಯಿರಿ, ಧನುರ್ವಾಯುವಿನ ಲಸಿಕೆ ಆಗಿದೆಯೇ ನೋಡಿಕೊಳ್ಳಿ. ನಾಯಿ ಕಚ್ಚಿದರೆ ಅಥವಾ ಪರಚಿದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ರೇಬೀಸ್ ಲಸಿಕೆ ಹಾಕಿಸಬೇಕು.

ನೋಡಿಕೊಳ್ಳುವವರು ಯಾರು?

ಮನೆತುಂಬ ನೆಂಟರಿರುವ ದಿನವೇ ಮಕ್ಕಳಿಗೆ ಹೆಚ್ಚು ಅಪಾಯ. ಹತ್ತು ಜನ ದೊಡ್ಡವರಿರುತ್ತಾರೆ, ಪ್ರತಿಯೊಬ್ಬರೂ ಉಳಿದವರು ನೋಡುತ್ತಿದ್ದಾರೆಂದು ತಿಳಿದಿರುತ್ತಾರೆ. ಗೃಹಪ್ರವೇಶ, ಮದುವೆ, ತಿಥಿಯ ದಿನ ಅರ್ಧ ಗಂಟೆಗೊಬ್ಬರಂತೆ ಹೆಸರಿಟ್ಟು ಕಾವಲು ಹಂಚಿ. ಆ ಅರ್ಧ ಗಂಟೆ ಅವರ ಕೈಯಲ್ಲಿ ಮೊಬೈಲ್ ಇರಬಾರದು. ಸರದಿ ಮುಗಿದಾಗ ಎದ್ದು ಹೋಗುವುದಲ್ಲ, ಮುಂದಿನವರ ಮುಖ ನೋಡಿ ‘ಇನ್ನು ನೀನು ನೋಡಿಕೋ’ ಎಂದು ಬಾಯಿಬಿಟ್ಟು ಹೇಳಬೇಕು, ಅವರು ‘ಸರಿ’ ಎನ್ನಬೇಕು. ಹನ್ನೆರಡು ವರ್ಷದ ಅಕ್ಕನಿಗೆ ಮೂರು ವರ್ಷದ ತಮ್ಮನನ್ನು ಬಾವಿಯ ಹತ್ತಿರ ಒಪ್ಪಿಸುವುದು ಆ ಹುಡುಗಿಗೆ ಮಾಡುವ ಅನ್ಯಾಯವೂ ಹೌದು.

ಹಿಂಬಾಗಿಲಿನ ಒಳಬದಿಗೆ ಮೂರು ಸಂಖ್ಯೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿ: ಆಂಬುಲೆನ್ಸಿಗೆ 108, ತುರ್ತು ನೆರವಿಗೆ 112, ವಿದ್ಯುತ್ತಿಗೆ 1912. ಅದರ ಕೆಳಗೆ ಮನೆಯ ಗುರುತು ಬರೆಯಿರಿ, ಯಾವ ಬಸ್ ನಿಲ್ದಾಣ, ಯಾವ ದೇವಸ್ಥಾನದ ತಿರುವು ಎಂದು. ಗಾಬರಿಯಲ್ಲಿ ನೆಂಟರಿಗೆ ಊರಿನ ದಾರಿ ಹೇಳಲು ಬರುವುದಿಲ್ಲ.

ಜೂನಿನಲ್ಲಿ ಮೊದಲ ಮಳೆ ಹುಯ್ದ ಮರುದಿನ, ಕುಕ್ಕರುಗಾಲಿನಲ್ಲಿ ಕೂತು ನೋಡಿ ಬರೆದ ಹಾಳೆಯನ್ನು ಹಿಡಿದು ಮತ್ತೊಂದು ಸುತ್ತು ಹಾಕಿ. ಮಳೆ ಹಿಡಿದರೆ ಬಾವಿಕಟ್ಟೆಯ ಸುತ್ತ ಪಾಚಿ ಕಟ್ಟುತ್ತದೆ, ಬ್ಲೀಚಿಂಗ್ ಪುಡಿ ಹಾಕಿ ಗಟ್ಟಿ ಪೊರಕೆಯಲ್ಲಿ ಉಜ್ಜುತ್ತಿರಿ. ಗಾಳಿಗೆ ಅರ್ಧ ಮುರಿದು ನೇತಾಡುವ ಕೊಂಬೆ ಇದ್ದರೆ ಕಡಿಸಿ. ಜೋಕಾಲಿಯ ಹಗ್ಗವನ್ನು ಕೊಂಬೆಗೆ ಉಜ್ಜುವ ಜಾಗದಲ್ಲಿ ಬಿಡಿಸಿ ನೋಡಿ, ಒಳಗಿನ ಎಳೆ ಸವೆದಿದ್ದರೆ ಹೊಸ ಹಗ್ಗ ಕಟ್ಟಿ.